ಬೀಗ ಹಾಕಿದ ಮನೆಗೆ ಇನ್ನೊಮ್ಮೆ

ಬಿಸಿಲಿಗೆ ಒಂದು ಊರಿನಲ್ಲಿ ಎಷ್ಟು ಜನ ಸಾಯುತ್ತಾರೆ? ಅಹಮದಾಬಾದಿನ ಮಣಿನಗರದಲ್ಲಿ ಮೇ ತಿಂಗಳು ಕಳೆದವರಿಗೆ ಈ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಮಧ್ಯಾಹ್ನ ಕಾಂಕರಿಯಾ ಕೆರೆಯ ಕಡೆಯಿಂದ ಬರುವ ಗಾಳಿಯೂ ಕೆನ್ನೆ ಸುಡುತ್ತದೆ. ಆದರೆ ಮರಣಪತ್ರದಲ್ಲಿ ಬಿಸಿಲಿನ ಹೆಸರು ಬರುವುದು ಅಪರೂಪ. ಹೃದಯ ನಿಂತಿತು ಎಂದಿರುತ್ತದೆ, ಮೂತ್ರಪಿಂಡ ಸೋತಿತು ಎಂದಿರುತ್ತದೆ. ಹೆಸರೇ ಇಲ್ಲದ್ದನ್ನು ಎಣಿಸುವುದು ಹೇಗೆ?

ಜನಾರೋಗ್ಯ ಸಂಶೋಧನೆಯ ರುಚಿ ನನಗೆ ಹತ್ತಿದ್ದು ಇಲ್ಲಿಂದ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣತೆ 46.8 ಡಿಗ್ರಿ ಮುಟ್ಟಿತು. ಆಮೇಲೆ ಅದನ್ನು ಅಧ್ಯಯನ ಮಾಡಿದವರಲ್ಲಿ ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆಯವರೂ ಇದ್ದರು. ಅವರು ಕಾರಣದ ಗೋಜಿಗೇ ಹೋಗದೆ ಆ ತಿಂಗಳ ಅಷ್ಟೂ ಸಾವುಗಳನ್ನು ಎಣಿಸಿದರು: 4,462. ಹಿಂದಿನ ಮತ್ತು ಮುಂದಿನ ವರ್ಷದ ಮೇ ತಿಂಗಳುಗಳ ಸರಾಸರಿ 3,118. ಹೆಚ್ಚುವರಿ ಸಾವು 1,344. ಕಳೆಯುವ ಲೆಕ್ಕ ಮಕ್ಕಳಿಗೂ ಬರುತ್ತದೆ. ಯಾವುದರಿಂದ ಯಾವುದನ್ನು ಕಳೆಯಬೇಕೆಂದು ಹೊಳೆಯುವುದರಲ್ಲಿದೆ ಕಸುಬು. ಜನವರಿಯ ಜೊತೆ ಹೋಲಿಸಿದರೆ ಋತು ಬೇರೆ. ಹಿಂದಿನ ವರ್ಷವೊಂದರ ಜೊತೆಗೇ ಹೋಲಿಸಿದರೆ, ಬೆಳೆಯುತ್ತಿರುವ ಊರಿನಲ್ಲಿ ಜನರೂ ಹೆಚ್ಚಾಗಿರುತ್ತಾರೆ. ಆಚೆಗೊಂದು ಈಚೆಗೊಂದು ವರ್ಷ ಹಿಡಿದರೆ ಆ ಬೆಳವಣಿಗೆ ತಕ್ಕಮಟ್ಟಿಗೆ ಸರಿತೂಗುತ್ತದೆ. ಇದನ್ನು ಮೊದಲು ಓದಿದಾಗ, ಒಳ್ಳೆಯ ಗಾಯಕರ ಆಲಾಪದಲ್ಲಿ ನಿರೀಕ್ಷಿಸದ ಸ್ವರವೊಂದು ಸರಿಯಾದ ಜಾಗಕ್ಕೆ ಬಂದು ಕೂತಂತಾಯಿತು.

ಅದೇ ಬೇಸಿಗೆಯ ಇನ್ನೊಂದು ಅಧ್ಯಯನ ಇಲ್ಲಿನ ಶಾರದಾಬೆನ್ ಆಸ್ಪತ್ರೆಯದು. ಹೆರಿಗೆ ವಾರ್ಡು ಮೇಲಿನ ಮಹಡಿಯಲ್ಲಿತ್ತು, ಚಾವಣಿಯ ಕಾವಿನ ಕೆಳಗೇ. 42 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಬಿಸಿಯಿಂದ ಬಳಲಿ ದಾಖಲಾಗುವ ನವಜಾತ ಶಿಶುಗಳು ಶೇ. 43ರಷ್ಟು ಹೆಚ್ಚುತ್ತಿದ್ದವು. 2010ರ ನಂತರ ವಾರ್ಡನ್ನು ಕೆಳಮಹಡಿಗೆ ಇಳಿಸಿದರು, ದಾಖಲಾತಿ ತಗ್ಗಿತು. ಔಷಧವಿಲ್ಲ, ಯಂತ್ರವಿಲ್ಲ, ಮಂಚಗಳು ಇಳಿದವು ಅಷ್ಟೆ. ವಾರ್ಡು ಇಳಿಸಿದ ಮೇಲೆ ಬಿಸಿಲೇ ಕಡಿಮೆಯಿತ್ತೇನೋ ಎಂಬ ಅನುಮಾನ ಬರುವುದು ಸಹಜ. ಅದಕ್ಕಾಗಿಯೇ ಪ್ರತಿದಿನದ ಉಷ್ಣತೆಯನ್ನೂ ಲೆಕ್ಕದೊಳಕ್ಕೆ ತರಬೇಕು. ಸಂಜೆ ‘ಆರ್’ ಎಂಬ ಅಂಕಿಅಂಶ ತಂತ್ರಾಂಶ ತೆರೆದು ಕೂತು, ಒಂದು ಅಂಶವನ್ನು ಸೇರಿಸಿದಾಗ ಇನ್ನೊಂದರ ಬಲ ಉಳಿಯುತ್ತದೆಯೋ ಕರಗುತ್ತದೆಯೋ ಎಂದು ನೋಡುವ ಆ ಗಳಿಗೆಗಳು ನನಗೆ ಬಹಳ ಪ್ರಿಯ.

ಆದರೆ ವಿಶ್ಲೇಷಣೆ ಎಷ್ಟೇ ಚೆಂದವಿದ್ದರೂ ಯಾರನ್ನು ಕೇಳಿದೆವು ಎಂಬುದನ್ನು ಅದು ಆಮೇಲೆ ತಿದ್ದಲಾರದು. ನಾನು ತುಮಕೂರು ಸೀಮೆಯವನು. ಈ ಪಾಠಕ್ಕೆ ಜಗತ್ತಿನಲ್ಲೇ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯದು ಎಂದು ಹೆಮ್ಮೆಯಿಂದ ಹೇಳುತ್ತೇನೆ. ಹಳ್ಳಿಗರಿಗೆ ಕ್ಷಯದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ತಜ್ಞರು ನಂಬಿದ್ದ ಕಾಲ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆಸ್ಪತ್ರೆಯ ರೋಗಿಗಳನ್ನು ಕೇಳಲಿಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳ ಮನೆಗೇ ಜನರನ್ನು ಕಳಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು: ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮಿನ ಕಾಟಕ್ಕೆ ಆಸ್ಪತ್ರೆಯ ಮೆಟ್ಟಿಲು ಹತ್ತಿಯೇ ಇದ್ದರು, ಕೆಮ್ಮಿನ ಔಷಧದ ಬಾಟಲಿಯೊಂದಿಗೆ ವಾಪಸಾಗಿದ್ದರು. ಕೊರತೆ ಜನರಲ್ಲಿ ಇರಲಿಲ್ಲ.

ಹಾಗಾಗಿ ಸಮೀಕ್ಷೆಗೆ ಮನೆಗಳನ್ನು ಆರಿಸುವ ಕೆಲಸ ನನಗೆ ಪೂಜೆಯಷ್ಟೇ ಮುಖ್ಯ. ಲಸಿಕೆಯ ಸಮೀಕ್ಷೆಗಳಲ್ಲಿ ಮೂವತ್ತು ಗುಂಪು, ಗುಂಪಿಗೆ ಏಳು ಮಕ್ಕಳು ಎಂಬ ಹಳೆಯ ಪದ್ಧತಿಯಿತ್ತು. ಊರ ನಡುವೆ ನಿಂತು ಬಾಟಲಿ ತಿರುಗಿಸಿ, ಅದು ತೋರಿದ ದಿಕ್ಕಿಗೆ ಹೊರಡುವುದು. ನಮ್ಮ ಇಷ್ಟಾನಿಷ್ಟ ನಡುವೆ ಬರಬಾರದಲ್ಲ! ಈಗ ಪಟ್ಟಿ ಮಾಡಿ ಯಾದೃಚ್ಛಿಕ ಸಂಖ್ಯೆಯಿಂದ ಆರಿಸುತ್ತೇವೆ. ಮಣಿನಗರದ ಸೊಸೈಟಿಗಳಲ್ಲಿ, ಚಾಳುಗಳಲ್ಲಿ ತಂಡದ ಜೊತೆ ತಿರುಗುವಾಗ ಹಗಲು ಎಷ್ಟೋ ಬಾಗಿಲಿಗೆ ಬೀಗ. ಪಕ್ಕದ ಮನೆಯನ್ನು ಬರೆದುಕೊಂಡರೆ ಕೆಲಸ ಬೇಗ ಮುಗಿದೀತು. ಆದರೆ ಬೀಗ ಹಾಕಿ ವಟವಾದ ಕಾರ್ಖಾನೆಗೆ ಹೋದವರೇ ಬಿಸಿಲು, ಹೊಗೆ, ಕುಲುಮೆಯ ಕಾವು ಹೆಚ್ಚು ಉಂಡವರು. ಅವರನ್ನು ಬಿಟ್ಟರೆ ಊರು ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಅದಕ್ಕೇ ಸಂಜೆ ಮತ್ತೆ ಹೋಗುತ್ತೇವೆ. ಚಹಾ ಬರುತ್ತದೆ, “ಬೇಸೋ ಬೇಸೋ”, ಕೂತುಕೊಳ್ಳಿ, ಎನ್ನುತ್ತಾರೆ, ಪ್ರಶ್ನೆಪಟ್ಟಿಯಲ್ಲಿ ಜಾಗವೇ ಇಲ್ಲದ ಸಂಗತಿಗಳನ್ನೂ ಹೇಳುತ್ತಾರೆ. ಮುಂದಿನ ಪ್ರಶ್ನೆಪಟ್ಟಿ ಹುಟ್ಟುವುದು ಅಲ್ಲಿ.

2013ರಲ್ಲಿ ಅಹಮದಾಬಾದ್ ದಕ್ಷಿಣ ಏಷ್ಯಾದಲ್ಲೇ ಮೊದಲಿಗೆ ಬಿಸಿಲನ್ನು ಎದುರಿಸುವ ನಗರಮಟ್ಟದ ಯೋಜನೆ ರೂಪಿಸಿಕೊಂಡಿತು. ಎಣಿಸಿದವರಿದ್ದರು, ಅದಕ್ಕೆ ಅದು ಸಾಧ್ಯವಾಯಿತು. ನಿಮ್ಮ ಮನೆಗೂ ಒಂದು ದಿನ ಹಲಗೆ ಹಿಡಿದ ಹುಡುಗಿಯೊಬ್ಬಳು ಬಂದಾಳು. ದಯವಿಟ್ಟು ಪಕ್ಕದ ಮನೆಗೆ ಕಳಿಸಬೇಡಿ. ಒಂದು ಲೋಟ ನೀರು ಕೊಟ್ಟು, ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ.