ಮೌಂಟ್ ಆಲಿವ್‌ನಲ್ಲಿ ಮಲಗಿರುವ ಅಮ್ಮ

ಅಮೆರಿಕದಲ್ಲಿ ಮಗನ ಮನೆಗೆ ಹೋಗಿ ಬಂದವರೆಲ್ಲ ನಯಾಗರದ ಬಗ್ಗೆ ಬರೆಯುತ್ತಾರೆ. ನಾನೂ ನೋಡಿದೆ, ಚೆನ್ನಾಗಿದೆ. ಆದರೆ ಈಗ ಹೇಳಹೊರಟಿರುವುದು ಒಂದು ಸ್ಮಶಾನದ ಸಂಗತಿ.

ಮಗ ಇರುವುದು ಸೇಂಟ್ ಲೂಯಿಸ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಇಲಿನಾಯ್ ರಾಜ್ಯದ ಮೌಂಟ್ ಆಲಿವ್ ಎಂಬ ಪುಟ್ಟ ಊರು. ಹೆಸರಿನಲ್ಲಷ್ಟೇ ಬೆಟ್ಟ, ಸುತ್ತ ಮುಸುಕಿನ ಜೋಳದ ಬಯಲು. ಅಲ್ಲಿ ಗಣಿ ಕಾರ್ಮಿಕರ ಸಂಘದ್ದೇ ಆದ ಒಂದು ಸ್ಮಶಾನವಿದೆ. ನಡುವೆ 22 ಅಡಿ ಎತ್ತರದ ಕಲ್ಲಿನ ಕಂಬ, ಎರಡೂ ಬದಿಗೆ ಕಂಚಿನ ಗಣಿ ಕಾರ್ಮಿಕರು. ಅಲ್ಲಿ ಮಲಗಿರುವವರು ಐರ್ಲೆಂಡಿನಿಂದ ಬಂದ ಮೇರಿ ಹ್ಯಾರಿಸ್ ಜೋನ್ಸ್. ಜನ ಕರೆದದ್ದು ಮದರ್ ಜೋನ್ಸ್ ಎಂದು. ಬ್ಯಾಂಕಿನಲ್ಲಿದ್ದಾಗ ಸಂಘದ ರಸೀದಿ ಪುಸ್ತಕ ಹಿಡಿದು ತಿರುಗಿದವನು ನಾನು. ಆ ಹೆಸರು ಆಗಲೇ ಕೇಳಿದ್ದೆ.

"ಈ ಅಜ್ಜಿಗೆ ಎಷ್ಟು ಮಕ್ಕಳು ತಾತ?" ಎಂದಳು ಒಂಬತ್ತು ವರ್ಷದ ಮೊಮ್ಮಗಳು.

ನಾಲ್ವರು. 1867ರಲ್ಲಿ ಮೆಂಫಿಸ್ ಪಟ್ಟಣಕ್ಕೆ ಹಳದಿ ಜ್ವರ ಬಂತು. ನಾಲ್ಕೂ ಮಕ್ಕಳು ಹೋದವು, ಗಂಡನೂ ಹೋದ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬಂದ ಬರಗಾಲಕ್ಕೆ ಹೆದರಿ ಕಡಲು ದಾಟಿ ಬಂದಿದ್ದ ಕುಟುಂಬದ ಹೆಣ್ಣು, ಮತ್ತೆ ಒಂಟಿ. ಷಿಕಾಗೋಗೆ ಹೋಗಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟರು. 1871ರ ಮಹಾ ಬೆಂಕಿಯಲ್ಲಿ ಅದೂ ಸುಟ್ಟುಹೋಯಿತು. ಆಮೇಲೆ ಕಪ್ಪು ಗೌನು ತೊಟ್ಟು, ಪುಟ್ಟ ಕನ್ನಡಕ ಏರಿಸಿಕೊಂಡು, ಕಲ್ಲಿದ್ದಲು ಗಣಿಗಳ ಊರೂರು ಅಲೆಯತೊಡಗಿದರು. ಗಣಿಯವರೆಲ್ಲ ಆಕೆಗೆ 'ನನ್ನ ಹುಡುಗರು'.

1903ರ ಜುಲೈನಲ್ಲಿ ಫಿಲಡೆಲ್ಫಿಯಾದ ಬಟ್ಟೆ ಗಿರಣಿಗಳಲ್ಲಿ ಮುಷ್ಕರ. ಅಲ್ಲಿ ದುಡಿಯುತ್ತಿದ್ದ ಎಷ್ಟೋ ಮಕ್ಕಳಿಗೆ ಯಂತ್ರಕ್ಕೆ ಸಿಕ್ಕು ಬೆರಳುಗಳೇ ಇರಲಿಲ್ಲ. ಆಕೆ ಮಕ್ಕಳನ್ನೂ ದೊಡ್ಡವರನ್ನೂ ಕರೆದುಕೊಂಡು, ನ್ಯೂಯಾರ್ಕ್ ಬಳಿ ಬೇಸಿಗೆ ಮನೆಯಲ್ಲಿದ್ದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರನ್ನು ಕಾಣಲು ಹೊರಟರು. ದಾರಿಯುದ್ದಕ್ಕೂ ಊರಿನವರಿಗೆ ಭಾಷಣ. ಕೋನಿ ಐಲೆಂಡಿನ ಮೃಗ ಪ್ರದರ್ಶನದಲ್ಲಿ ಖಾಲಿ ಪಂಜರದೊಳಗೆ ಮಕ್ಕಳನ್ನು ನಿಲ್ಲಿಸಿಯೂ ಮಾತಾಡಿದರು! ಅಧ್ಯಕ್ಷರು ಭೇಟಿಯಾಗಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂದು ಗಿರಣಿಗಳಿಂದ ಮಕ್ಕಳನ್ನು ಬಿಡಿಸಿದ್ದು 1938ರಲ್ಲಿ. ಆಗ ಆಕೆ ತೀರಿಕೊಂಡು ಎಂಟು ವರ್ಷವಾಗಿತ್ತು.

ತೀರಿಕೊಂಡಾಗ ವಯಸ್ಸೆಷ್ಟು? ತಾನು ಹುಟ್ಟಿದ್ದು 1830ರ ಮೇ 1 ಎಂದು ಆಕೆ ಹೇಳಿಕೊಳ್ಳುತ್ತಿದ್ದರು. ಸಾಯುವ ವರ್ಷ ನೂರರ ಹುಟ್ಟುಹಬ್ಬವೂ ನಡೆಯಿತು. ಆದರೆ ಹುಟ್ಟೂರು ಕಾರ್ಕ್‌ನ ಚರ್ಚಿನ ದಾಖಲೆಯಲ್ಲಿ ದೀಕ್ಷಾಸ್ನಾನದ ದಿನ 1837ರ ಆಗಸ್ಟ್ 1. ಅಂದರೆ ತೊಂಬತ್ತಮೂರು. ಮೇ 1 ಕಾರ್ಮಿಕರ ದಿನವೆಂದು ಆಕೆಯೇ ಆರಿಸಿಕೊಂಡಿರಬೇಕು. ನನಗೆ ನಗು ಬಂತು. ಕೌಂಟರಿನಲ್ಲಿ ಕೂತು ಪಿಂಚಣಿ ಕಾಗದ ನೋಡಿದವನಿಗೆ ಗೊತ್ತು, ನಮ್ಮ ಕಡೆ ಅರ್ಧ ಊರಿಗೆ ಜೂನ್ 1 ಹುಟ್ಟಿದ ದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ನನ್ನದೂ ಅದೇ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಪ್ರಶ್ನೆ: "ಹಾಗಾದ್ರೆ ನಿಮ್ಮ ನಿಜವಾದ ಬರ್ತ್‌ಡೇ ಯಾವತ್ತು ತಾತ?"

"ರಾಗಿ ಕೊಯ್ಲಿನ ಹೊತ್ತಿಗೆ ಹುಟ್ಟಿದೆ ಅಂತ ನಮ್ಮಮ್ಮ ಹೇಳೋರು ಪುಟ್ಟಿ. ತಾರೀಕು ಅವರಿಗೂ ಗೊತ್ತಿರಲಿಲ್ಲ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಯಾಕೋ ಮುಂದಿನದೂ ಬಾಯಿಗೆ ಬಂತು. ನನಗಿಂತ ಮುಂಚೆ ಹುಟ್ಟಿದ ಇಬ್ಬರು ಅಕ್ಕಂದಿರು ಒಂದೇ ವಾರದಲ್ಲಿ ಸಿಡುಬಿಗೆ ಹೋಗಿದ್ದರು. ಅವರ ಹೆಸರು ಯಾವ ಶಾಲೆಯ ದಾಖಲೆಗೂ ಏರಲಿಲ್ಲ. ಎಂಬತ್ತೆಂಟು ವರ್ಷ ಬದುಕಿದ ಅಮ್ಮ ಒಮ್ಮೆಯೂ ಅವರ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ನನಗೆ ತಿಳಿದದ್ದು ಚಿಕ್ಕಮ್ಮನಿಂದ. ಬೀದಿಯ ಯಾವ ಮಗು ಬಂದರೂ ಅಮ್ಮ ಕೈಗೊಂದು ತುಂಡು ಬೆಲ್ಲ ಕೊಡದೆ ಕಳಿಸುತ್ತಿರಲಿಲ್ಲ.

ಮಗ ಕಾರಿನ ಹಾಡು ನಿಲ್ಲಿಸಿದ. "ಅಪ್ಪಾ, ಇದನ್ನ ನಮಗೆ ಯಾವತ್ತೂ ಹೇಳೇ ಇಲ್ವಲ್ಲ" ಎಂದ.

"ಅವರ ಹೆಸರೇನು ತಾತ?" ಎಂದಳು ಮೊಮ್ಮಗಳು.

ಊರಿನಲ್ಲಿ ಚಿಕ್ಕಮ್ಮ ಇನ್ನೂ ಇದ್ದಾರೆ, ಕಿವಿ ಮಂದ. ಅಲ್ಲಿ ಬೆಳಗಾಗುವ ಹೊತ್ತಿಗೆ ಫೋನ್ ಮಾಡೋಣ ಎಂದೆ.