ಯಾವ ಟ್ಯೂಬ್ ಹಚ್ತಿದ್ರಿ?

ಚರ್ಮದ ಫೋಟೋ ನೋಡಿ ಕಾಯಿಲೆ ಹೇಳೋ ಎಐ ದೊಡ್ಡ ಸುದ್ದಿಯಾಗಿದ್ದು 2017ರಲ್ಲಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಸುಮಾರು 1,29,000 ಫೋಟೋ ತೋರಿಸಿ ಒಂದು ನ್ಯೂರಲ್ ನೆಟ್‌ವರ್ಕಿಗೆ ಪಾಠ ಕಲಿಸಿದರು. ಆಮೇಲೆ 21 ಚರ್ಮವೈದ್ಯರ ಜೊತೆ ಪರೀಕ್ಷೆಗೆ ಕೂರಿಸಿದರು. ಇದು ಕ್ಯಾನ್ಸರ್ರಾ, ಬರೀ ಮಚ್ಚೆಯಾ ಅಂತ ಹೇಳೋದರಲ್ಲಿ ಅದು ಡಾಕ್ಟರುಗಳಿಗೆ ಸರಿಸಮ ನಿಂತಿತು. "ಡಾಕ್ಟ್ರ ಕೆಲ್ಸಾನೂ ಹೋಯ್ತು ಬಿಡು" ಅಂತ ನಾವು ಆಫೀಸಿನ ಕ್ಯಾಂಟೀನಲ್ಲಿ ನಗಾಡಿದ್ದೆವು. (ಆಗ ನಮ್ಮ ಕೆಲಸದ ಬಗ್ಗೆ ನಮಗೇನೂ ಭಯ ಇರಲಿಲ್ಲ, ಪಾಪ.)

ನನಗೆ ಅದಕ್ಕಿಂತ ರುಚಿಸಿದ್ದು ಮುಂದಿನ ವರ್ಷ ಅಲ್ಲಿಯವರೇ ಬರೆದ ಸ್ಕೇಲಿನ ಕಥೆ. ಫೋಟೋದಲ್ಲಿ ಅಳತೆ ಸ್ಕೇಲ್ ಇದ್ದರೆ ಮೆಷಿನ್ನು ಕ್ಯಾನ್ಸರ್ ಅನ್ನೋದು ಜಾಸ್ತಿಯಂತೆ. ಡಾಕ್ಟರು ಸ್ಕೇಲ್ ಇಟ್ಟು ಫೋಟೋ ತೆಗೆಯೋದೇ ಅನುಮಾನ ಬಂದಾಗ ತಾನೇ? ಮೆಷಿನ್ನು ಆ ಅನುಮಾನವನ್ನೇ ಕಾಪಿ ಹೊಡೆದಿತ್ತು. 2022ರಲ್ಲಿ ಅದೇ ಕ್ಯಾಂಪಸ್ಸಿನವರು ಬೇರೆ ಬೇರೆ ಮೈಬಣ್ಣದ 656 ಫೋಟೋ ಇಟ್ಟು ಇಂಥ ಮಾಡೆಲ್ಲುಗಳನ್ನ ಪರೀಕ್ಷಿಸಿದಾಗ ಕಪ್ಪು ಚರ್ಮದ ಮೇಲೆ ಅವು ಎಡವಿದವು. ಬಿಳಿಯರ ಮೈಮೇಲೆ ಕೆಂಪಗೆ ಕಾಣೋ ಉರಿಯೂತ ನಮ್ಮ ಮೈಮೇಲೆ ಕಂದು, ನೇರಳೆ, ಬೂದು ಹೇಗೆ ಬೇಕಾದರೂ ಕಾಣಬಹುದು.

ಇದಕ್ಕೆ ನಾವು ಎಂಜಿನಿಯರುಗಳ ಉತ್ತರ ರೆಡಿ ಇರುತ್ತೆ: ನಮ್ಮ ಬಣ್ಣದ ಡೇಟಾ ಹಾಕಿದರೆ ಸರಿಹೋಗುತ್ತೆ. ಅರ್ಧ ಸರಿಹೋಗುತ್ತೆ. ಮಿಕ್ಕ ಅರ್ಧ ಚಿಕ್ಕಮ್ಮನ ತೋಳಿನ ಮೇಲಿತ್ತು.

ಸಿರಾ ಹತ್ತಿರದ ನಮ್ಮೂರಲ್ಲಿ ಹುಳುಕಡ್ಡಿ ಗೊತ್ತಿಲ್ಲದವರಿಲ್ಲ. ದುಂಡಗೆ, ಅಂಚು ಎದ್ದು, ನಡುವೆ ತಿಳಿಯಾಗಿ, ರಾತ್ರಿಯೆಲ್ಲ ತುರಿಕೆ. ಆದರೆ ಚಿಕ್ಕಮ್ಮ ವಾಟ್ಸಾಪಲ್ಲಿ ಕಳಿಸಿದ ಫೋಟೋದಲ್ಲಿ ಉಂಗುರವೇ ಇರಲಿಲ್ಲ. ಬರೀ ಕಲೆ, ಹೊಟ್ಟು. "ಅದ್ಯಾವ್ದೋ ಆ್ಯಪ್ ಐತಂತಲ್ಲ, ಅದ್ರಾಗೆ ಹಾಕಿ ನೋಡಪ್ಪ" ಅಂದಳು. ಹಾಕಿದೆ. ಇಸುಬು ಮೊದಲು ಬಂತು, ಸೋರಿಯಾಸಿಸ್ ಎರಡನೇದು. ಹುಳುಕಡ್ಡಿ ಕೊನೇಲಿತ್ತು.

ತುಮಕೂರಿನ ಚರ್ಮದ ಡಾಕ್ಟರು ತೋಳು ನೋಡೋಕೆ ಮುಂಚೆ ಕೇಳಿದ್ದು, "ಯಾವ ಟ್ಯೂಬ್ ಹಚ್ತಿದ್ರಿ ಅಮ್ಮ?" ಆಮೇಲೆ, "ಮನೇಲಿ ಇನ್ಯಾರಿಗೆ ತುರಿಕೆ ಇದೆ?" ಬ್ಲೇಡಲ್ಲಿ ಸ್ವಲ್ಪ ಹೊಟ್ಟು ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟರು. ಚರ್ಮದ ಕಣಗಳು ಕರಗಿ ಫಂಗಸ್ಸಿನ ಎಳೆಗಳು ಕಂಡವು. ಹುಳುಕಡ್ಡಿಯೇ.

ಎಂಟು ತಿಂಗಳಿಂದ ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಕೊಡ್ತಿದ್ದ ಟ್ಯೂಬಲ್ಲಿ ಫಂಗಸ್ ಔಷಧಿ ಜೊತೆ ಕ್ಲೋಬೆಟಸಾಲ್ ಅನ್ನೋ ಜೋರಾದ ಸ್ಟೀರಾಯ್ಡೂ ಇತ್ತು. ಅದು ತುರಿಕೆಯನ್ನ ಬೇಗ ಅಡಗಿಸುತ್ತೆ. ಜೊತೆಗೆ ಮೈಯ ಪ್ರತಿರೋಧವನ್ನೂ ಅಡಗಿಸೋದರಿಂದ ಫಂಗಸ್ ಆರಾಮಾಗಿ ಹಬ್ಬುತ್ತೆ, ಉಂಗುರ ಮಾತ್ರ ಅಳಿಸಿಹೋಗುತ್ತೆ. ಡಾಕ್ಟರುಗಳ ಭಾಷೇಲಿ ಇದು 'ಟಿನಿಯಾ ಇನ್‌ಕಾಗ್ನಿಟೊ', ವೇಷ ಮರೆಸಿಕೊಂಡ ಹುಳುಕಡ್ಡಿ. ನಮ್ಮ ದೇಶದ ಚರ್ಮವೈದ್ಯರು ಈ ಟ್ಯೂಬುಗಳ ಬಗ್ಗೆ ವರ್ಷಗಳಿಂದ ಬಾಯಿ ಬಡ್ಕೊಳ್ತಿದಾರೆ.

ಹಾಗಂತ ಆ್ಯಪ್ ಬೇಡ ಅನ್ನಲ್ಲ. ಚಿಕ್ಕಮ್ಮ ಡಾಕ್ಟರ ಹತ್ತಿರ ಹೋಗೋಕೆ ಒಂದು ದಿನದ ಕೂಲಿ ಬಿಟ್ಟು ಸುಮಾರು 50 ಕಿಲೋಮೀಟರ್ ಬಸ್ಸಲ್ಲಿ ಹೋಗಬೇಕಾಯ್ತು. ಅಂಥವರಿಗೇ ಅದು ಬೇಕಾಗಿರೋದು, ಮೊಡವೆಗೆ ಸೀರಮ್ ಹುಡುಕೋ ನಮಗಲ್ಲ. ಮಾಡೋರು ಮೈಯ ಫೋಟೋ ಜೊತೆ ಟ್ಯೂಬಿನ ಫೋಟೋನೂ ಕೇಳಲಿ. ಅದೂ ಸಲೀಸಲ್ಲ ಅನ್ನಿ. ಚಿಕ್ಕಮ್ಮ ಟ್ಯೂಬನ್ನ ಬುಡದಿಂದ ಸುರುಳಿ ಸುತ್ತಿ ಹಿಂಡಿದ್ದಳು. 'ಕ್ಲೋಬೆಟಾ' ತನಕ ಓದೋಕಾಯ್ತು, ಮಿಕ್ಕಿದ್ದು ಉಜ್ಜಿಹೋಗಿತ್ತು.