ಕರೆ ಬರುವ ಮೊದಲು

ದೂರದರ್ಶಕ ಕೊಳ್ಳುವವರೆಲ್ಲ ‘ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ?’ ಎಂದು ಕೇಳುತ್ತಾರೆ. ನಾನೂ ಹಾಗೆ ಕೇಳಿಯೇ ಬೇಸ್ತುಬಿದ್ದವಳು. ಈಗ ಯಾರಾದರೂ ಸಲಹೆ ಬಯಸಿದರೆ, ‘ಹೊರಗೆ ತಂದಿಟ್ಟು ನೋಡಲು ಎಷ್ಟು ಹೊತ್ತು ಬೇಕು ಅಂತ ಕೇಳಿ’ ಎನ್ನುತ್ತೇನೆ.

2020ರ ಡಿಸೆಂಬರ್ 21ರ ಸಂಜೆ ಗುರು, ಶನಿ ಗ್ರಹಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದಿತ್ತು. ನಮ್ಮ ಬೀದಿಯ ಆರು ಹುಡುಗಿಯರನ್ನು ಮಹಡಿಗೆ ಕರೆದಿದ್ದೆ. ಮಗ ಕೊಡಿಸಿದ ಕನ್ನಡಿಯ ದೂರದರ್ಶಕ ಮೂರು ಕಾಲಿನ ಮೇಲೆ ನಿಂತಿತ್ತು. ಅದಕ್ಕೊಂದು ಓರೆ ಅಚ್ಚು, ಸಮತೂಕಕ್ಕೊಂದು ಕಬ್ಬಿಣದ ಗುಂಡು, ಎರಡು ತಿರುಪು. ಅಚ್ಚನ್ನು ಧ್ರುವ ನಕ್ಷತ್ರದ ಕಡೆಗೆ ಮಾಡಬೇಕಂತೆ. ನಮ್ಮ ಶಿವಮೊಗ್ಗ ಸೀಮೆಯಲ್ಲಿ ಅದು ದಿಗಂತದಿಂದ ಸುಮಾರು 14 ಡಿಗ್ರಿಯಷ್ಟೇ ಮೇಲೆ, ಪಕ್ಕದ ಮನೆಯ ತೆಂಗಿನಮರದ ಹಿಂದೆ! ಅಂದಾಜಿನಲ್ಲಿ ಉತ್ತರಕ್ಕೆ ತಿರುಗಿಸಿದ್ದರೂ ನಡೆಯುತ್ತಿತ್ತೆಂದು ತಿಳಿದದ್ದು ಆಮೇಲೆ. ನಾನು ತಿರುಪಿನೊಡನೆ ಗುದ್ದಾಡುತ್ತಿದ್ದಂತೆಯೇ ಗ್ರಹಗಳು ಮನೆಗಳ ಹಿಂದೆ ಇಳಿದವು. ಕೆಳಗಿನಿಂದ ಒಬ್ಬ ತಾಯಿ ಕೂಗಿದರು: ‘ಟೀಚರ್, ಅವರಪ್ಪ ಬರೋ ಹೊತ್ತಾಯ್ತು, ಕಳಿಸಿ.’ ಹುಡುಗಿಯರು ಮಾತಿಲ್ಲದೆ ಇಳಿದುಹೋದರು. ಆ ಗ್ರಹಗಳು ಮತ್ತೆ ಅಷ್ಟು ಹತ್ತಿರ ಬರುವುದು 2080ರಲ್ಲಿ. ಆಗ ಇವರಿಗೆ ಎಪ್ಪತ್ತು ದಾಟಿರುತ್ತದೆ. ನನ್ನ ಮಾತಂತೂ ಬಿಡಿ.

ಆಮೇಲೆ ಸಿಕ್ಕಿದ್ದನ್ನೆಲ್ಲ ಬಳಸಿ ನೋಡಿದೆ. ಮಸೂರದ ಸಣ್ಣ ದೂರದರ್ಶಕ ಒಂದೇ ಕೈಯಲ್ಲಿ ಎತ್ತಬಹುದು. ಆದರೆ ಅಗ್ಗದ ಕಾಲುಗಳಾದರೆ ಮುಟ್ಟಿದ ಕೂಡಲೇ ಚಂದ್ರನೇ ನಡುಗುತ್ತಾನೆ. ಕಂಪ್ಯೂಟರಿನದು ಬುದ್ಧಿವಂತ. ಹೊಸ ಸೊಸೆಗೆ ಅಡುಗೆಮನೆಯ ಡಬ್ಬಿಗಳ ಗುರುತು ಹೇಳಿದಂತೆ ಮೊದಲು ಎರಡು ಮೂರು ನಕ್ಷತ್ರ ತೋರಿಸಿಕೊಟ್ಟರೆ ಉಳಿದದ್ದನ್ನು ತಾನೇ ಹುಡುಕುತ್ತದೆ. ಬ್ಯಾಟರಿ ಮುಗಿದರೆ ಮುಗಿಯಿತು. ಎಲ್ಲಕ್ಕಿಂತ ಸುಲಭ ಬೈನಾಕ್ಯುಲರ್. ಕೃತ್ತಿಕೆಯ ಗೊಂಚಲು ಎಷ್ಟು ಚೆಂದ! ಶನಿಯ ಬಳೆ ಮಾತ್ರ ಅದಕ್ಕೆ ದಕ್ಕದು.

ಕೊನೆಗೆ ನನಗೆ ಒಗ್ಗಿದ್ದು ಡಾಬ್ಸೋನಿಯನ್. ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಆಶ್ರಮದಲ್ಲಿ ಸನ್ಯಾಸಿಯಾಗಿದ್ದು 1967ರಲ್ಲಿ ಹೊರಬಂದ ಜಾನ್ ಡಾಬ್ಸನ್, ಬೀದಿಬದಿಯಲ್ಲಿ ದಾರಿಹೋಕರನ್ನು ಕರೆದು ಆಕಾಶ ತೋರಿಸುತ್ತಿದ್ದ ಬಗೆ ಇದು. ಉದ್ದನೆಯ ಕೊಳವೆ, ಕೆಳಗೊಂದು ಮರದ ಪೆಟ್ಟಿಗೆ, ಅಷ್ಟೆ. ಭಾರವೇನೋ ಹೌದು, ಪೆಟ್ಟಿಗೆ ಒಮ್ಮೆ, ಕೊಳವೆ ಒಮ್ಮೆ ಹೊತ್ತು ತಂದರಾಯಿತು. ತೊಟ್ಟಿಲು ತೂಗಿದಷ್ಟೇ ಮೆಲ್ಲಗೆ ತಳ್ಳಬೇಕು.

2023ರ ನವೆಂಬರಿನಲ್ಲಿ ಶನಿ ಸಂಜೆಗೇ ಎತ್ತರದಲ್ಲಿದ್ದ. ಆ ಆರು ಜನರಲ್ಲಿ ಐವರು ಬಂದರು. ಇನ್ನೊಬ್ಬಳಿಗೆ ಪಿಯುಸಿ ಮುಗಿದ ವರ್ಷವೇ ಮದುವೆಯಾಗಿತ್ತು. ಮೊದಲು ನೋಡಿದವಳು ಚೀರಿದಳು: ‘ಟೀಚರ್, ಓಡಿಹೋಗ್ತಾ ಇದೆ!’

‘ತಿರುಗ್ತಿರೋದು ನಮ್ಮ ಭೂಮಿ ಕಣೇ. ನೀನೇ ಸ್ವಲ್ಪ ತಳ್ಳು’ ಎಂದೆ.

ಭೂಮಿಯ ಚಲನೆಯ ಪಾಠವನ್ನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಮಾಡಿದ್ದೇನೆ. ಅಂದು ಅದು ಅವಳ ಅಂಗೈಗೇ ತಿಳಿಯಿತು. ಇಪ್ಪತ್ತು ನಿಮಿಷದಲ್ಲಿ ಐವರೂ ಬಳೆ ನೋಡಿದರು, ಎರಡೆರಡು ಸಲ. ಕೆಳಗಿನಿಂದ ಇನ್ನೂ ಯಾರೂ ಕರೆದಿರಲಿಲ್ಲ.